ನೀರಿನ ಘಟಕ ಊರಿನದು, ತೀರ್ಮಾನ ಯಾರದು?

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ಓಡಾಡುವವರಿಗೆ ಈ ನೋಟ ಹೊಸದಲ್ಲ. ಬಸ್ ಸ್ಟಾಪಿನ ಪಕ್ಕ ಶುದ್ಧ ಕುಡಿಯುವ ನೀರಿನ ಘಟಕ. ಶಟರ್ ಎಳೆದಿದೆ. ಕಾಯಿನ್ ಹಾಕುವ ಡಬ್ಬಿಗೆ ತುಕ್ಕು. ಕೇಳಿದರೆ ಮೋಟರ್ ಸುಟ್ಟಿದೆ ಅಂತಾರೆ. ಮೋಟರ್ ರಿಪೇರಿ ಅಂಥ ದೊಡ್ಡ ಕೆಲಸವೇನಲ್ಲ. ಆದರೆ ಪಂಚಾಯಿತಿಯವರು 'ಯಂತ್ರ ಕೊಟ್ಟವರು ಮಾಡಿಸಲಿ' ಅಂತಾರೆ. ಕೊಟ್ಟವರು 'ನಾವು ಯಾವಾಗಲೋ ಒಪ್ಪಿಸಿಬಿಟ್ಟಿದ್ದೀವಿ' ಅಂತಾರೆ. ನಡೆಸುತ್ತಿದ್ದ ಮಹಿಳಾ ಸಂಘದವರು 'ನಮ್ಮನ್ನ ಯಾರು ಕೇಳಿದ್ರು?' ಅಂತಾರೆ. ಯಾವ ತೀರ್ಮಾನ ಯಾರು ತಗೋಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರಲಿಲ್ಲ, ಅಷ್ಟೇ.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಇದು ಸುಮ್ನೆ ಬಿಡುವ ವಿಷಯ ಅಲ್ಲ. ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಕಲೆ, ಆಮೇಲೆ ಮೂಳೆ, ಕೀಲು ನೋವು. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆ ಥರ ನೋಡಲು ಹೋದರು. ಆದರೆ ಕೊಳವೆಬಾವಿಯನ್ನೇ ನಂಬಿದ ಹಳ್ಳಿಗೆ ಈ ಘಟಕವೇ ಗತಿ. ಹಾಗಾಗಿ ಯಂತ್ರ ಬರುವ ಮೊದಲೇ ತೀರ್ಮಾನದ ದಾರಿ ಗೊತ್ತಾಗಿರಬೇಕು.

ಮೊದಲು: ಯಾರ್ಯಾರು ಕೂರಬೇಕು

ಸಾಮಾನ್ಯವಾಗಿ ಮೂವರು ಇರುತ್ತಾರೆ. ಜಾಗ, ಕೊಳವೆಬಾವಿ, ಕರೆಂಟು ಪಂಚಾಯಿತಿಯದು. ಯಂತ್ರ ಯಾವುದೋ ಟ್ರಸ್ಟ್ ಅಥವಾ ಕಂಪನಿಯದು. ದಿನದ ಕೆಲಸ ಸ್ತ್ರೀಶಕ್ತಿ ಸಂಘ ಅಥವಾ ಸಂಜೀವಿನಿ ಒಕ್ಕೂಟದ್ದು. ನಾಲ್ಕನೆಯವರನ್ನು ಮರೆಯುವುದೇ ಜಾಸ್ತಿ: ಕ್ಯಾನ್ ಹೊರುವವರು. ಹಟ್ಟಿಯಿಂದ, ಕಾಲೋನಿಯಿಂದ ಒಬ್ಬೊಬ್ಬರಾದರೂ ಘಟಕ ನೋಡಿಕೊಳ್ಳುವ ಸಮಿತಿಯಲ್ಲಿ ಇರಲೇಬೇಕು. ಘಟಕವನ್ನು ಗುಡಿ ಮುಂದೆ ಕಟ್ಟಿದರೆ ಯಾರು ಧೈರ್ಯವಾಗಿ ಬರುತ್ತಾರೆ, ಯಾರು ದೂರ ನಿಲ್ಲುತ್ತಾರೆ ಅನ್ನುವುದು ಅವರಿಗೇ ಗೊತ್ತು.

ಹೊಸ ಸಮಿತಿಯೇ ಬೇಕೆಂದಿಲ್ಲ. ಜಲಜೀವನ ಮಿಷನ್ ಹೇಳುವ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಅಳತೆ ಚೆನ್ನಾಗಿದೆ. 10ರಿಂದ 15 ಜನ, ಅರ್ಧ ಹೆಂಗಸರು, ಚುನಾಯಿತ ಸದಸ್ಯರು ಕಾಲು ಭಾಗ ಮೀರುವಂತಿಲ್ಲ. ಉದ್ಘಾಟನೆಯ ಫೋಟೋಗೆ ಅಂತ 30 ಹೆಸರು ಸೇರಿಸಿದರೆ ಎರಡನೇ ಸಭೆಗೆ ಐದು ಜನ ಬರುತ್ತಾರೆ.

ಆಮೇಲೆ: ತೀರ್ಮಾನಗಳನ್ನು ಮೂರು ಪಾಲು ಮಾಡಿ

ಎಲ್ಲವನ್ನೂ ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ಫಿಲ್ಟರ್ ಕಟ್ಟಿಕೊಂಡಾಗ ಸಭೆ ಕರೆದರೆ ಊರು ಬಾಯಾರಿಕೊಂಡು ಕೂರಬೇಕು. ಒಂದು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಮೂರು ಕಾಲಂ ಎಳೆದು ಘಟಕದ ಗೋಡೆಗೇ ಅಂಟಿಸಿ.

ಮೊದಲ ಕಾಲಂ, ನಡೆಸುವವರೇ ಮಾಡುವುದು. ಕಾರ್ಟ್ರಿಡ್ಜ್ ಫಿಲ್ಟರ್ ಬದಲಿಸುವುದು, ಮರಳಿನ ಫಿಲ್ಟರ್ ತೊಳೆಯುವುದು, ಸಣ್ಣ ರಿಪೇರಿ. 'ಸಣ್ಣ' ಅಂದರೆ ಎಷ್ಟು ಅನ್ನುವುದನ್ನು ರೂಪಾಯಿಯಲ್ಲೇ ಬರೆಯಿರಿ. ಅಷ್ಟರೊಳಗೆ ಯಾರನ್ನೂ ಕೇಳಬೇಕಿಲ್ಲ, ರಸೀದಿ ಇಟ್ಟರೆ ಸಾಕು.

ಎರಡನೆಯದು, ಕೇಳಿ ಮಾಡುವುದು. ಘಟಕ ತೆರೆಯುವ ಹೊತ್ತು, ರಜೆ, ಮತ್ತೆ ಮುಖ್ಯವಾಗಿ ವೇಸ್ಟ್ ನೀರು. ಆರ್‌ಒ ಯಂತ್ರ (ಒತ್ತಡ ಹಾಕಿ ಪೊರೆಯ ಮೂಲಕ ನೀರು ಸೋಸುವಂಥದ್ದು) ಒಳಗೆ ತಗೊಂಡ ನೀರಿನಲ್ಲಿ ದೊಡ್ಡ ಪಾಲನ್ನು ಹೊರಗೆ ಬಿಡುತ್ತದೆ. ಆ ನೀರಿನಲ್ಲಿ ಉಪ್ಪು, ಫ್ಲೋರೈಡ್ ಮೊದಲಿಗಿಂತ ಗಟ್ಟಿಯಾಗಿರುತ್ತವೆ. ಅದು ದನದ ತೊಟ್ಟಿಗೂ ಹೋಗಬಾರದು, ಯಾರದೋ ಹಿತ್ತಲಿಗೂ ನುಗ್ಗಬಾರದು. ಪೈಪು ಎಳೆಯುವ ಮೊದಲು ಪಕ್ಕದ ಮನೆಯವರನ್ನು ಕೇಳಿದರೆ ಮುಂದಿನ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಮೂರನೆಯದು, ಸೇರಿಯೇ ಮಾಡುವುದು. ನೀರಿನ ದರ, ನಡೆಸುವವರ ನೇಮಕ ಮತ್ತು ಗೌರವಧನ, ಸರ್ವೀಸ್ ಕಂಪನಿ ಜೊತೆಗಿನ ಕರಾರು, ಉಳಿದ ದುಡ್ಡಿನ ಬಳಕೆ.

ದರದ ವಿಷಯದಲ್ಲಿ ಲೆಕ್ಕವನ್ನು ಎಲ್ಲರ ಮುಂದೆಯೇ ಹಾಕಿ. ಸುಲಭಕ್ಕೆ ಒಂದು ಉದಾಹರಣೆ ತಗೊಳ್ಳೋಣ. 20 ಲೀಟರಿನ ಕ್ಯಾನಿಗೆ 5 ರೂಪಾಯಿ, ದಿನಕ್ಕೆ 100 ಕ್ಯಾನ್ ಅಂದುಕೊಂಡರೆ ತಿಂಗಳಿಗೆ 15,000. ಕ್ಯಾನಿಗೆ 1 ರೂಪಾಯಿ ಮೆಂಬ್ರೇನಿಗೆ, ಅಂದರೆ ನೀರು ಸೋಸುವ ಆ ಪೊರೆ ಬದಲಿಸುವುದಕ್ಕೆ, ಅಂತ ಎತ್ತಿಟ್ಟರೆ 3,000 ಅಲ್ಲಿಗೆ ಹೋಯಿತು. ಉಳಿದ 12,000ದಲ್ಲಿ ಗೌರವಧನ, ಫಿಲ್ಟರ್, ರಿಪೇರಿ, ಕರೆಂಟು ಬಿಲ್ಲು ಪಂಚಾಯಿತಿ ಕಟ್ಟದಿದ್ದರೆ ಅದೂ. ಇದನ್ನು ಕಣ್ಣಾರೆ ಕಂಡವರು '2 ರೂಪಾಯಿ ಮಾಡ್ರಿ' ಅಂತ ಸುಮ್ಮನೆ ಕೂಗುವುದಿಲ್ಲ. ಮೆಂಬ್ರೇನಿನ ದುಡ್ಡು ಬೇರೆ ಖಾತೆಯಲ್ಲಿರಲಿ. ಒಂದೇ ಖಾತೆಯಲ್ಲಿದ್ದರೆ ಗಣಪತಿ ಹಬ್ಬಕ್ಕೆ ಯಾರಾದರೂ ಕಣ್ಣು ಹಾಕೇ ಹಾಕುತ್ತಾರೆ.

ಸಭೆ ಕರೆಯುವುದು

ಬೆಳಿಗ್ಗೆ 11ಕ್ಕೆ ಪಂಚಾಯಿತಿ ಆಫೀಸಿನಲ್ಲಿ ಸಭೆ ಇಟ್ಟರೆ ಬೈಕಿರುವ ಗಂಡಸರು ಬರುತ್ತಾರೆ, ಅಷ್ಟೇ. ಶೇಂಗಾ ಕೀಳುವ ಕಾಲದಲ್ಲಿ, ಈರುಳ್ಳಿ ಕೊಯ್ಯುವ ಕಾಲದಲ್ಲಿ ಹೆಂಗಸರು ಹೊಲದಲ್ಲಿರುತ್ತಾರೆ. ಸಂಜೆ ಊಟಕ್ಕೆ ಮುಂಚೆ, ಘಟಕದ ಮುಂದೆಯೇ ಕೂತರೆ ಒಳ್ಳೆಯದು. ಎರಡು ದಿನ ಮೊದಲು ಹೇಳಿ, ಏನು ಮಾತಾಡುತ್ತೇವೆ ಅನ್ನುವುದನ್ನೂ ಹೇಳಿ. ಪಾಸ್‌ಬುಕ್, ಕ್ಯಾನ್ ಲೆಕ್ಕದ ಪುಸ್ತಕ, ನೀರು ಪರೀಕ್ಷೆಯ ವರದಿ ನಡುವೆ ಇರಲಿ. ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ತರಬೇತಿ ಆದವರಿದ್ದರೆ ವರದಿಯನ್ನು ಅವರೇ ಓದಲಿ.

'ಎಲ್ಲರಿಗೂ ಒಪ್ಪಿಗೆನಾ?' ಅಂತ ಮಾತ್ರ ಕೇಳಬೇಡಿ. ಯಾರೂ ಬಾಯಿ ಬಿಡುವುದಿಲ್ಲ, ಅಧ್ಯಕ್ಷರು ಆಯಿತು ಅಂತಾರೆ, ಮಾರನೇ ದಿನ ನಲ್ಲಿ ಹತ್ತಿರ ಗೊಣಗಾಟ ಶುರುವಾಗುತ್ತದೆ. ಒಬ್ಬೊಬ್ಬರನ್ನೂ ಸರದಿಯಲ್ಲಿ ಕೇಳಿ. ನೀರು ಹಿಡಿದುಕೊಡುವಾಕೆ ಮೊದಲು, ಅಧ್ಯಕ್ಷರು ಕೊನೆಗೆ. ದೊಡ್ಡವರು ಮೊದಲು ಮಾತಾಡಿಬಿಟ್ಟರೆ 'ಅಣ್ಣಾರು ಹೇಳಿದಂಗೆ ಆಗಲಿ' ಅನ್ನುವುದೇ ಉಳಿದವರ ಉತ್ತರ.

ಕೈ ಎತ್ತಲು ಮುಜುಗರವಿದ್ದರೆ ಸುಲಭದ ದಾರಿಯಿದೆ. ಮುಚ್ಚಳವಿರುವ ಎರಡು ಡಬ್ಬಿ ಇಡಿ. ದರದ ಮಾತಾದರೆ ಒಂದರ ಮೇಲೆ 5, ಇನ್ನೊಂದರ ಮೇಲೆ 6 ಅಂತ ಬರೆಯಿರಿ. ಒಬ್ಬರಿಗೆ ಒಂದೇ ಶೇಂಗಾ ಕಾಯಿ. ಪರದೆ ಹಿಂದೆ ಹೋಗಿ ಹಾಕಿ ಬರಲಿ. ಎಲ್ಲರೆದುರು ಎಣಿಸಿ. ಎಣಿಸಿದ ಮೇಲೆ ಕಾಯಿ ಸುಲಿದು ತಿಂದರೂ ಅಡ್ಡಿಯಿಲ್ಲ, ಪುಸ್ತಕಕ್ಕೆ ಲೆಕ್ಕ ಏರಿರಬೇಕು.

ನಡಾವಳಿ ಬರೆಯುವುದು

ಇದರಲ್ಲಿ ಸಂಘದ ಹೆಂಗಸರಿಗೆ ಯಾರೂ ಪಾಠ ಹೇಳಬೇಕಿಲ್ಲ. ಪ್ರತಿ ಸಭೆಯ ನಡಾವಳಿ ಬರೆದು ಸಹಿ ಹಾಕುವುದು ಅವರಿಗೆ ರೂಢಿ. ಅದೇ ಪುಸ್ತಕ, ಅದೇ ಕೈ ಇಲ್ಲಿಗೂ ಬರಲಿ. ಹೀಗಿದ್ದರೆ ಸಾಕು:

'ಕ್ಯಾನಿಗೆ 6 ರೂ. ಮಾಡುವುದೆಂದು ತೀರ್ಮಾನ. ಪರ 9, ವಿರೋಧ 4. ವಿರೋಧಿಸಿದವರ ಮಾತು: ಒಂಟಿ ಮುದುಕಿಯರಿಗೆ ಹೊರೆಯಾಗುತ್ತದೆ. ಅವರಿಗೆ ಹಳೇ ದರವೇ ಇರಲಿ ಎಂದು ಸೇರಿಸಲಾಯಿತು. ಜಾರಿ: ಮುಂದಿನ ತಿಂಗಳ 1ರಿಂದ. ಜವಾಬ್ದಾರಿ: ಸಂಘದ ಕಾರ್ಯದರ್ಶಿ.'

ವಿರೋಧವನ್ನು ಬರೆಯದೇ ಬಿಡಬೇಡಿ. ಮೇಲಿನ ಮೂರನೇ ಸಾಲು ಇಲ್ಲದಿದ್ದರೆ ನಾಲ್ಕನೆಯದು ಹುಟ್ಟುತ್ತಲೇ ಇರಲಿಲ್ಲ, ಅಲ್ವಾ? ಬರೆದದ್ದನ್ನು ಎದ್ದು ಹೋಗುವ ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು.

ಕೊಟ್ಟವರ ಮಾತಿಗೆ ಎಷ್ಟು ಬೆಲೆ

ಯಂತ್ರ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ತಾಂತ್ರಿಕ ವಿಷಯದಲ್ಲಿ ಅವರ ಮಾತು ಕೇಳಬೇಕು. ದರದಲ್ಲಿ, ನೇಮಕದಲ್ಲಿ ಅವರಿಗೆ ಓಟು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ನೀರು ಕುಡಿಯುವವರು ಅವರಲ್ಲ. ಬೋರ್ಡಿನ ಮೇಲೆ ಅವರ ಹೆಸರು ಎಷ್ಟು ದೊಡ್ಡದಾಗಿದ್ದರೂ ನನಗೆ ತಕರಾರಿಲ್ಲ.

ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಪಿಡಿಒ ವರ್ಗಾವಣೆ ಯಾವಾಗ ಬೇಕಾದರೂ ಆಗಬಹುದು. ಇವತ್ತು ಒಪ್ಪಿದವರು ನಾಳೆ ಇರುವುದಿಲ್ಲ. ಆದ್ದರಿಂದ ಮೂರು ಕಾಲಂನ ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿಸಿ, ಪಂಚಾಯಿತಿಯ ಠರಾವು ಮಾಡಿಸಿ ನಕಲು ತಗೊಳ್ಳಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಘಟಕದ ಜಮಾ ಖರ್ಚನ್ನೂ ಅಲ್ಲೇ ಓದಿ.

ಜಗಳ ಬಂದರೆ

ಬರುತ್ತದೆ. ಮೊದಲು ಇಬ್ಬರೇ ಕೂತು ಮಾತಾಡಲಿ. ಬಗೆಹರಿಯದಿದ್ದರೆ ಸಮಿತಿಗೆ, ಅಲ್ಲೂ ಆಗದಿದ್ದರೆ ಗ್ರಾಮಸಭೆಗೆ. ಅಲ್ಲಿಯವರೆಗೆ ಘಟಕಕ್ಕೆ ಬೀಗ ಹಾಕುವಂತಿಲ್ಲ ಅನ್ನುವುದನ್ನು ಠರಾವಿನಲ್ಲೇ ಸೇರಿಸಿ. ಕೀಲಿ ಎರಡು ಮಾಡಿಸಿ, ಒಂದು ಸಂಘದಲ್ಲಿ, ಇನ್ನೊಂದು ನೀರುಗಂಟಿ ಹತ್ತಿರ. ಬ್ಯಾಂಕಿನಲ್ಲಿ ಇಬ್ಬರ ಸಹಿ ಇರಲಿ, ಆ ಇಬ್ಬರು ಒಂದೇ ಮನೆಯವರಾಗಿರಬಾರದು.