ಹಗ್ಗದ ಮೇಲೆ ಫೋಟೊಶೂಟ್ ಇದೆಯಾ? ಮೊದಲು ಇಷ್ಟು ನೋಡಿಕೊಳ್ಳಿ

ನಮಸ್ಕಾರ ಎಲ್ಲರಿಗೂ. ನಮ್ಮ ಬಾಗಲಕೋಟೆ ಕಡೆ ಹಗ್ಗದ ಮಲ್ಲಕಂಬ (ನೇತಾಡುವ ಹಗ್ಗದ ಮೇಲೆ ಭಂಗಿ ಮಾಡುವುದು), ಏರಿಯಲ್ ಸಿಲ್ಕ್ (ಮೇಲಿಂದ ಇಳಿಬಿಟ್ಟ ಉದ್ದ ಬಟ್ಟೆ ಹಿಡಿದು ಭಂಗಿ ಮಾಡುವುದು) ಕಲಿಯುವ ಮಕ್ಕಳ ತಾಯಂದಿರಿಗೆ ಇದು.

ಹಿಂದಿನ ದಿನದಿಂದಲೇ ಮೈಗೆ ಎಣ್ಣೆ, ಲೋಷನ್ ಹಚ್ಚಬೇಡಿ. ಫೋಟೊದಲ್ಲಿ ಮೈ ಹೊಳೆಯಲಿ ಅಂತ ನಾನು ಮಗಳಿಗೆ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಮೊದಲ ಭಂಗಿಯಲ್ಲೇ ಹಿಡಿತ ಜಾರಿತು. ಕೆಳಗೆ ದಪ್ಪ ಮ್ಯಾಟ್ ಇತ್ತು, ಪೆಟ್ಟಾಗಲಿಲ್ಲ. ಆ ಮ್ಯಾಟ್ ಫೋಟೊದಲ್ಲಿ ಕಾಣುತ್ತೆ ಅಂತ ಯಾರು ಹೇಳಿದರೂ ತೆಗೆಯಬೇಡಿ.

ಸಿಲ್ಕ್ ಆದರೆ ಮೊಣಕಾಲ ಹಿಂಭಾಗ, ಕಂಕುಳು ಮುಚ್ಚುವ ಬಿಗಿ ಬಟ್ಟೆ ಇರಲಿ. ಇಲ್ಲದಿದ್ದರೆ ಸಿಲ್ಕ್ ಉಜ್ಜಿ ಚರ್ಮ ಸುಲಿಯುತ್ತದೆ. ಉಂಗುರ, ಬಳೆ, ಸರ, ಜಿಪ್ ಯಾವುದೂ ಬೇಡ. ಊಟ ಎರಡು ತಾಸು ಮೊದಲೇ ಮುಗಿಯಲಿ.

ಹೊಸ ಭಂಗಿಯನ್ನು ಅವತ್ತೇ ಪ್ರಯತ್ನಿಸುವುದು ಬೇಡ. ಚೆನ್ನಾಗಿ ಬರುವ ಐದಾರು ಸಾಕು. ಒಂದು ಒಳ್ಳೆಯ ಫೋಟೊಗೆ ಅದೇ ಭಂಗಿಯನ್ನು ನಾಲ್ಕೈದು ಸಲ ಮಾಡಬೇಕಾಗುತ್ತದೆ, ತೋಳು ಬೇಗ ಸೋಲುತ್ತದೆ. ಕಷ್ಟದ್ದನ್ನು ಮೈ ಬಿಸಿಯಾದ ಕೂಡಲೇ ಮುಗಿಸಿ, ನಡುವೆ ಇಳಿಸಿ ನೀರು ಕುಡಿಸಿ. ತಿರುಗುವಾಗ ತೆಗೆಯುವುದಾದರೆ, ಫೋಟೊ ಮಸುಕಾಗದಂತೆ ಕ್ಯಾಮೆರಾದ ಶಟರ್ 1/500 ಸೆಕೆಂಡ್ ಅಥವಾ ಇನ್ನೂ ವೇಗವಾಗಿ ಇಡಲು ಫೋಟೊದವರಿಗೆ ಹೇಳಿ.

ಜಾಗದ ಬಗ್ಗೆ ಒಂದು ಮಾತು. ಬಾದಾಮಿಯ ಕೆಂಪು ಬಂಡೆ ಯಾರಿಗೆ ಇಷ್ಟ ಇಲ್ಲ ಹೇಳಿ? ಆದರೆ ಸಂರಕ್ಷಿತ ಸ್ಮಾರಕಗಳಿಗೆ ಹಗ್ಗ ಕಟ್ಟುವ ಯೋಚನೆಯೇ ಬೇಡ. ಮರದ ಕೊಂಬೆಯನ್ನೂ ಸುಮ್ನೆ ನಂಬಬೇಡಿ. ಜೋರಾಗಿ ಜಾರಿ ನಿಂತಾಗ ಹಗ್ಗದ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಹಗ್ಗ ಎಲ್ಲಿ ಕಟ್ಟಬೇಕು ಅನ್ನುವುದನ್ನು ಕಲಿಸುವ ಗುರುಗಳೇ ನೋಡಿ ಹೇಳಲಿ.