ಏರೋಪ್ಲೇನ್ ಚಿಟ್ಟೆ: ಗಂಡೋ ಹೆಣ್ಣೋ? ಬಣ್ಣ ನಂಬಬೇಡಿ

ಏರೋಪ್ಲೇನ್ ಚಿಟ್ಟೆ, ಅಂದರೆ ಡ್ರ್ಯಾಗನ್‌ಫ್ಲೈ, ಫೋಟೊ ಹಾಕಿ "ಕೆಂಪಗಿದೆ, ಗಂಡು ಅಲ್ವಾ?" ಅಂತ ಕೇಳುವವರು ಜಾಸ್ತಿ. ಬಣ್ಣ ಒಂದು ಸುಳಿವು ಅಷ್ಟೇ. ಎಳೆ ಗಂಡುಗಳು ಎಷ್ಟೋ ಸಲ ಹೆಣ್ಣಿನ ಹಾಗೇ ಮಂಕು ಹಳದಿಯಾಗಿರುತ್ತವೆ, ಬಲಿತ ಮೇಲೇ ಕೆಂಪೋ ನೀಲಿಯೋ ಏರುವುದು. ಕೆಲವು ಜಾತಿಗಳಲ್ಲಂತೂ ಎರಡೂ ಒಂದೇ ಬಣ್ಣ.

ಹಾಗಾಗಿ ಮೇಲಿಂದ ಒಂದು ಫೋಟೊ ತೆಗೆದು ಸುಮ್ನೆ ಬಂದುಬಿಡಬೇಡಿ. ಪಕ್ಕದಿಂದಲೂ ಒಂದು ತೆಗೆಯಿರಿ. ಆಮೇಲೆ ಜೂಮ್ ಮಾಡಿ, ರೆಕ್ಕೆ ದಾಟಿದ ತಕ್ಷಣ ಹೊಟ್ಟೆ ಶುರುವಾಗುವ ಜಾಗದ ಅಡಿಭಾಗ ನೋಡಿ. ಅಲ್ಲಿ, ಹೊಟ್ಟೆಯ ಎರಡನೇ ಮೂರನೇ ಖಂಡದ (ಉಂಗುರದಂಥ ಭಾಗದ) ಕೆಳಗೆ, ಒಂದು ಪುಟ್ಟ ಉಬ್ಬು ಹೊರಗೆ ಚಾಚಿಕೊಂಡಿದ್ದರೆ ಅದು ಗಂಡು, ಬಣ್ಣ ಏನೇ ಇರಲಿ. ಹೆಣ್ಣಿಗೆ ಆ ಜಾಗ ನುಣ್ಣಗಿರುತ್ತದೆ. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಗುರುತು ಇಲ್ಲ.

ಬಾಲದ, ಅಂದರೆ ಅದೇ ಉದ್ದನೆಯ ಹೊಟ್ಟೆಯ, ತುದಿಯೂ ನೋಡಿ. ಗಂಡಿಗೆ ಅಲ್ಲಿ ಇಕ್ಕಳದಂಥ ಕೊಂಡಿಗಳಿವೆ: ಮೇಲೆ ಎರಡು, ಕೆಳಗೆ ಒಂದು. ಕೂಡುವಾಗ ಹೆಣ್ಣಿನ ತಲೆಯ ಹಿಂಭಾಗವನ್ನು ಹಿಡಿಯುವುದು ಇದರಿಂದಲೇ, ಅಂದರೆ ಜೋಡಿಯಾಗಿ ಹಾರುವಾಗ ಮುಂದಿರುವುದು ಗಂಡು. ಹೆಣ್ಣಿಗೆ ಎರಡು ಸಣ್ಣ ಕಡ್ಡಿಗಳು ಮಾತ್ರ, ಹೊಟ್ಟೆಯೂ ಸಾಮಾನ್ಯವಾಗಿ ಕೊಂಚ ದಪ್ಪ.

ನೀರಿನ ಪಕ್ಕ ಒಂದೇ ಕಡ್ಡಿಗೆ ಮತ್ತೆ ಮತ್ತೆ ಬಂದು ಕೂತು, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಿದ್ದರೆ ಅದು ಹೆಚ್ಚಾಗಿ ಗಂಡು. ಬಾಲದ ತುದಿಯನ್ನು ನೀರಿಗೆ ಟಪ್ ಟಪ್ ಎಂದು ತಾಗಿಸುತ್ತಿದ್ದರೆ ಹೆಣ್ಣು, ಮೊಟ್ಟೆ ಇಡುತ್ತಿದೆ. ಆಗ ದಯವಿಟ್ಟು ಹತ್ತಿರ ಹೋಗಬೇಡಿ, ದೂರದಿಂದಲೇ ನೋಡಿ.