ಊರಿನ ಶಾಲೆಗೆ ಕಂಪನಿಯ ಸಿಎಸ್‌ಆರ್ ಹಣ: ಕೇಳುವುದು ಹೇಗೆ, ಗುರಿ ಮುಟ್ಟಿಸುವುದು ಹೇಗೆ?

ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಜುಲೈ ತಿಂಗಳಲ್ಲಿ ಅಂಗಳದ ತುಂಬ ನೀರು. ಮಾರ್ಚ್ ಬಂತೆಂದರೆ ಶೌಚಾಲಯದ ನಲ್ಲಿಯಲ್ಲಿ ಹನಿ ನೀರಿಲ್ಲ. ಬಾವಿ ತಳ ಕಂಡ ಮೇಲೆ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಇದರ ಕಷ್ಟ ಮೊದಲು ತಟ್ಟುವುದು ಆರು, ಏಳನೇ ತರಗತಿಯ ಹೆಣ್ಣುಮಕ್ಕಳಿಗೆ.

ಇಂಥ ಕೆಲಸಕ್ಕೆ ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಕಾನೂನಿನಂತೆ ಅವು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಲಾಭದ ಪಾಲು, ಚೆನ್ನಾಗಿ ಒದಗುತ್ತದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು 2030ರೊಳಗೆ ಮುಟ್ಟಬೇಕು. ದೊಡ್ಡ ಮಾತು ಎನಿಸುತ್ತದೆ, ಅಲ್ವಾ? ಆದರೆ ಆ ಗುರಿ ಮುಟ್ಟುವುದು ಊರಿನ ಇಂಥ ಸಣ್ಣ ಕೆಲಸಗಳಿಂದಲೇ. ಹೊಸನಗರದ ಕಡೆಯ ಒಂದು ಶಾಲೆ, 60 ಮಕ್ಕಳು ಎಂದುಕೊಂಡು ಹಂತ ಹಂತವಾಗಿ ನೋಡೋಣ.

ಮೊದಲು ಕೊರತೆಯನ್ನು ಅಳೆಯಿರಿ

ಕಂಪನಿ ಏನು ಕೊಡುತ್ತದೆ ಎಂದು ಕೇಳುತ್ತಾ ಹೋಗಬೇಡಿ. ಹಾಗೆ ಹೋದರೆ ಬ್ಯಾಗು, ನೋಟ್‌ಬುಕ್ಕು ಸಿಗುತ್ತವೆ. ಬೇಡ ಎನ್ನುವಂತಿಲ್ಲ, ಆದರೆ ಬಾವಿ ಬತ್ತುವುದು ನಿಲ್ಲುವುದಿಲ್ಲ. ಶಾಲೆಯ ಉಸ್ತುವಾರಿ ನೋಡುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯಿರಿ. ಮಕ್ಕಳ ತಾಯಂದಿರು, ಬಿಸಿಯೂಟದ ಅಡುಗೆಯವರು ಇರಲೇಬೇಕು. ನೀರು ಯಾವ ವಾರ ನಿಲ್ಲುತ್ತದೆ, ಯಾರು ಎಲ್ಲಿಂದ ಹೊತ್ತು ತರುತ್ತಾರೆ ಎಂಬುದು ಅವರಿಗೆ ಗೊತ್ತು. ಹಿಂದಿನ ಮೂರು ವರ್ಷಗಳ ಫೆಬ್ರುವರಿ, ಮಾರ್ಚ್ ಹಾಜರಿ ಪುಸ್ತಕ ತೆಗೆದು ಹುಡುಗಿಯರ ಹಾಜರಿ ಬೇರೆಯಾಗಿ ಬರೆದಿಡಿ.

ಆಮೇಲೆ ಪರಿಹಾರದ ಲೆಕ್ಕ. 200 ಚದರ ಮೀಟರಿನ ಹೆಂಚಿನ ಮಾಡಿನ ಮೇಲೆ ವರ್ಷಕ್ಕೆ 2500 ಮಿಲಿಮೀಟರ್ ಮಳೆ ಸುರಿದರೆ 5 ಲಕ್ಷ ಲೀಟರ್ ನೀರು. ಐದರಲ್ಲೊಂದು ಪಾಲು ಪೋಲಾದರೂ 4 ಲಕ್ಷ ಲೀಟರ್ ಉಳಿಯಿತು. ಶೌಚಾಲಯಕ್ಕೆ, ಕೈ ತೊಳೆಯಲು ಒಂದು ಮಗುವಿಗೆ ದಿನಕ್ಕೆ 20 ಲೀಟರ್ ಎಂದು ಹಿಡಿಯಿರಿ. 60 ಮಕ್ಕಳಿಗೆ 1200 ಲೀಟರ್. ಫೆಬ್ರುವರಿಯಿಂದ ಬೇಸಿಗೆ ರಜೆಯವರೆಗೆ 50 ಶಾಲಾ ದಿನಗಳಿಗೆ 60 ಸಾವಿರ ಲೀಟರ್. ಅಂದರೆ ನಿಮಗೆ ಬೇಕಾದದ್ದು ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ, ಪೈಪು, ಸೋಸುವ ವ್ಯವಸ್ಥೆ, 60 ಸಾವಿರ ಲೀಟರಿನ ಮುಚ್ಚಿದ ಟ್ಯಾಂಕು. ಇನ್ನೊಂದು ಬೋರ್‌ವೆಲ್ ಅಲ್ಲ.

ಗುರಿಯ ಜೊತೆ ಕಾನೂನಿನ ಪಟ್ಟಿಯನ್ನೂ ನೋಡಿ

17 ಗುರಿಗಳ ಅಡಿಯಲ್ಲಿ 169 ಉಪಗುರಿಗಳಿವೆ. ಕಂಪನಿಗೆ ಬರೆಯುವಾಗ ಉಪಗುರಿಯನ್ನೇ ಹೆಸರಿಸಿ. 6.2 ಎಲ್ಲರಿಗೂ ಶೌಚಾಲಯ ಎನ್ನುತ್ತದೆ. ಹೆಂಗಸರು, ಹೆಣ್ಣುಮಕ್ಕಳ ಅಗತ್ಯಕ್ಕೆ ವಿಶೇಷ ಗಮನ ಕೊಡಿ ಎಂದೂ ಹೇಳುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ತಕ್ಕ ಸೌಲಭ್ಯ ಇರಬೇಕು ಎನ್ನುವುದು 4ನೇ ಗುರಿಯ 'ಎ' ಉಪಗುರಿ. ಈ ಎರಡು ಸಾಕು. ಒಂದು ಟ್ಯಾಂಕಿಗೆ ಸುಮ್ನೆ ಹತ್ತು ಗುರಿ ಅಂಟಿಸಿದರೆ ಓದುವವರಿಗೆ ನಂಬಿಕೆ ಹೋಗುತ್ತದೆ.

ಕಾನೂನಿನ ಪಟ್ಟಿ ಬೇರೆ. 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಸಿಎಸ್‌ಆರ್ ಹಣ ಯಾವುದಕ್ಕೆ ಹೋಗಬಹುದು ಎಂದು ಬರೆದಿದೆ. ನೈರ್ಮಲ್ಯ, ಕುಡಿಯುವ ನೀರು, ಶಿಕ್ಷಣ, ಪರಿಸರ, ಗ್ರಾಮೀಣ ಅಭಿವೃದ್ಧಿ ಎಲ್ಲ ಅದರಲ್ಲಿವೆ. ಹಳ್ಳ ದಾಟಲು ಕಾಲುಸಂಕ ಬೇಕಾದವರೂ ಗ್ರಾಮೀಣ ಅಭಿವೃದ್ಧಿಯ ಅಡಿಯಲ್ಲಿ ಕೇಳಬಹುದು.

ಪರಿಸರದ ಹೆಸರಿನ ಕೆಲಸದಲ್ಲಿ ಸ್ವಲ್ಪ ಎಚ್ಚರ ಬೇಕು. 15ನೇ ಗುರಿ (ಕಾಡು, ನೆಲದ ಜೀವಸಂಕುಲದ ರಕ್ಷಣೆ) ಎಂದು ಬೋರ್ಡು ಹಾಕಿ ಅಕೇಶಿಯಾ ನೆಟ್ಟರೆ ಮಲೆನಾಡಿಗೆ ಉಪಕಾರವಲ್ಲ. ಅದು ಆಸ್ಟ್ರೇಲಿಯಾ ಕಡೆಯ ಮರ. ನೇರಳೆ, ಮತ್ತಿ, ಹೊನ್ನೆ, ವಾಟೆ, ಮುರುಗಲು ಕೇಳಿ. ನೆಟ್ಟ ಮೇಲೆ ಮೂರು ವರ್ಷ ನೋಡಿಕೊಳ್ಳಲು ಹಣವನ್ನೂ ಕೇಳಿ.

ಕಂಪನಿ ಹುಡುಕುವುದು

ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 500 ಕೋಟಿ, ವಹಿವಾಟು 1000 ಕೋಟಿ ಅಥವಾ ಹಿಂದಿನ ವರ್ಷದ ನಿವ್ವಳ ಲಾಭ 5 ಕೋಟಿ ರೂಪಾಯಿ. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಗೆ ಕಾನೂನು ಅನ್ವಯಿಸುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಅದು ಖರ್ಚು ಮಾಡಬೇಕು. ಸರಾಸರಿ 6 ಕೋಟಿ ಲಾಭವಿದ್ದರೆ 12 ಲಕ್ಷ ರೂಪಾಯಿ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳನ್ನೇ ನೆಚ್ಚಿಕೊಳ್ಳಬೇಡಿ. ಶಿವಮೊಗ್ಗದ ಫೌಂಡ್ರಿಗಳು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ನಿಮ್ಮ ಪಕ್ಕದ ಊರಿನಲ್ಲಿ ವ್ಯವಹಾರ ಇರುವ ಕಂಪನಿಗಳನ್ನು ಮೊದಲು ನೋಡಿ. ತಾನು ಕೆಲಸ ಮಾಡುವ ಸ್ಥಳಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಎಂದು ಕಾಯ್ದೆಯೇ ಹೇಳುತ್ತದೆ. ಶರಾವತಿಯಲ್ಲಿ ವಿದ್ಯುತ್ ತಯಾರಿಸುವ ಕರ್ನಾಟಕ ವಿದ್ಯುತ್ ನಿಗಮವೂ ಒಂದು ಕಂಪನಿಯೇ. ಅಡಿಕೆ ಮಾರಾಟ ಸಹಕಾರ ಸಂಘಗಳಿಗೆ ಮಾತ್ರ ಈ ಕಾನೂನು ಅನ್ವಯಿಸುವುದಿಲ್ಲ.

ಯಾವ ಕಂಪನಿ ಎಲ್ಲಿ ಖರ್ಚು ಮಾಡಿದೆ ಎಂಬುದು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ಮಳೆಗಾಲ ಒಂದು ಲೆಕ್ಕ, ಮಾರ್ಚ್ 31 ಇನ್ನೊಂದು

ಮಲೆನಾಡಿನಲ್ಲಿ ಹೆಚ್ಚು ಯೋಜನೆ ಎಡವುವುದು ಇಲ್ಲೇ. ಕಂಪನಿಯ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು, ಮಾರ್ಚ್ 31ಕ್ಕೆ ಮುಗಿಯಿತು. ಒಪ್ಪಿಗೆ ಸಿಗುವಾಗ ಜೂನ್, ಜುಲೈ. ಆಗ ಇಲ್ಲಿ ಗುಂಡಿ ತೋಡಿದರೆ ಸಂಜೆಯೊಳಗೆ ನೀರು ತುಂಬುತ್ತದೆ. ಮಣ್ಣಿನ ಕೆಲಸ ಆಗುವುದು ಡಿಸೆಂಬರ್‌ನಿಂದ ಮೇ ತನಕ. ಅಷ್ಟರಲ್ಲಿ ನಡುವೆ ಮಾರ್ಚ್ 31 ಬಂದುಬಿಡುತ್ತದೆ. ಹಣ ಖರ್ಚಾಗಲಿ ಎಂದು ಮಾರ್ಚ್‌ನಲ್ಲಿ ಅವಸರ ಮಾಡಿ ಕ್ಯೂರಿಂಗ್ (ಸಿಮೆಂಟಿಗೆ ನೀರುಣಿಸಿ ಗಟ್ಟಿಯಾಗಿಸುವುದು) ಸರಿಯಾಗಿ ಆಗದ ಟ್ಯಾಂಕು ಕಟ್ಟಿದರೆ ಮೊದಲ ಮಳೆಗೇ ಸೋರುತ್ತದೆ.

ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಕಂಪನಿಯ ಆಡಳಿತ ಮಂಡಳಿ ಇದನ್ನು ಒಂದಕ್ಕಿಂತ ಜಾಸ್ತಿ ವರ್ಷ ನಡೆಯುವ ಯೋಜನೆ ಎಂದು ಒಪ್ಪಬಹುದು. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಅವಕಾಶವಿದೆ. ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿದರಾಯಿತು. ನಿಮ್ಮ ಪತ್ರದಲ್ಲೇ ತಿಂಗಳುವಾರು ವೇಳಾಪಟ್ಟಿ ಹಾಕಿ, ಹೀಗೆ ಮಾಡಿ ಎಂದು ಕೇಳಿ. ನಗರದಲ್ಲಿ ಕೂತವರಿಗೆ ಮಲೆನಾಡಿನ ಮಳೆಯ ಲೆಕ್ಕವನ್ನು ನಾವೇ ಹೇಳಬೇಕು.

ಹಣ ಯಾರ ಕೈಗೆ?

ಎರಡು ದಾರಿ. ಕಂಪನಿಯೇ ನೇರವಾಗಿ ಕೆಲಸ ಮಾಡಿಸಬಹುದು. ಇಲ್ಲವೇ ಒಂದು ಟ್ರಸ್ಟ್ ಅಥವಾ ಸಂಘದ ಮೂಲಕ. ಆ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡಲು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಬೇಕು, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ ಬೇಕು, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ಹೊಸದಾಗಿ ಕಟ್ಟಿದ ಊರ ಯುವಕ ಸಂಘಕ್ಕೆ ಇದು ಕಷ್ಟ. ಮೊದಲ ದಾರಿಯೇ ಸುಲಭ. ಶಾಲೆ ಸರ್ಕಾರದ್ದಾದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಪತ್ರ ಮೊದಲೇ ಪಡೆಯಿರಿ. ಎಂಜಿನಿಯರ್ ಸಹಿ ಮಾಡಿದ ಅಂದಾಜು ಪಟ್ಟಿ, ಬತ್ತಿದ ಬಾವಿಯ ಫೋಟೊ, ಹಾಜರಿಯ ಲೆಕ್ಕ ಲಗತ್ತಿಸಿ. ಪತ್ರ ಎರಡು ಪುಟ ದಾಟಬಾರದು.

ಕಟ್ಟಿದ ಮೇಲೆ ಅಳೆಯಿರಿ, ಕಾಪಾಡಿ

'ಟ್ಯಾಂಕು ಕಟ್ಟಿದೆವು' ಎಂದರೆ ಖರ್ಚಿನ ವರದಿ ಅಷ್ಟೇ. ಗುರಿ ಮುಟ್ಟಿದೆಯಾ ಎಂದು ಹೇಳುವುದು ಮಾರ್ಚ್ ತಿಂಗಳ ಹಾಜರಿ, ಶೌಚಾಲಯಕ್ಕೆ ಬೀಗ ಹಾಕಿದ ದಿನಗಳ ಲೆಕ್ಕ. ಒಂದು ಪುಸ್ತಕದಲ್ಲಿ ವಾರಕ್ಕೊಮ್ಮೆ ಬರೆದಿಡಿ. ಮಕ್ಕಳ ಸಂಖ್ಯೆ ಕಡಿಮೆ ಇರುವಲ್ಲಿ ಜ್ವರವೋ ಜಾತ್ರೆಯೋ ಹಾಜರಿಯನ್ನು ಏರುಪೇರು ಮಾಡುತ್ತದೆ. ಅದನ್ನೂ ಬರೆಯಿರಿ. ಹಾಜರಿ ಏರದಿದ್ದರೆ ಮುಚ್ಚಿಡಬೇಡಿ. ಕಾರಣ ನೀರಲ್ಲದೆ ಬಸ್ಸೂ ಇರಬಹುದು, ಬಾಗಿಲಿನ ಚಿಲಕವೂ ಇರಬಹುದು. ಮುಂದಿನ ವರ್ಷ ಕೇಳಬೇಕಾದ್ದು ಯಾವುದು ಎಂದು ಇದರಿಂದಲೇ ತಿಳಿಯುತ್ತದೆ.

ಹೆಂಚಿನ ಮೇಲೆ ಪಾಚಿ, ತರಗೆಲೆ ಇದ್ದೇ ಇರುತ್ತವೆ. ಮೇ ಕೊನೆಗೆ ದೋಣಿ, ಟ್ಯಾಂಕು ಎರಡನ್ನೂ ತೊಳೆಯಬೇಕು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಅಕ್ಟೋಬರ್‌ನಲ್ಲಿ ತುಂಬಿದ ನೀರನ್ನು ಫೆಬ್ರುವರಿವರೆಗೆ ಮುಟ್ಟಬಾರದು. ಅಲ್ಲಿಯವರೆಗೆ ಬಾವಿ ನೀರು ಸಾಕು. ಪರೀಕ್ಷೆ ಮಾಡಿಸದೆ ಈ ನೀರನ್ನು ಮಕ್ಕಳಿಗೆ ಕುಡಿಯಲು ಕೊಡಬೇಡಿ. ಈ ಕೆಲಸಗಳನ್ನು ಯಾರು ಮಾಡುತ್ತಾರೆ, ಅವರಿಗೆ ಕೂಲಿ ಎಲ್ಲಿಂದ ಎಂದು ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ. ಠರಾವು ಆಗುವುದು ಕಟ್ಟುವ ಮೊದಲು, ಆಮೇಲಲ್ಲ. ಅದರ ಒಂದು ನಕಲು ಕಂಪನಿಗೆ, ಇನ್ನೊಂದು ಮುಖ್ಯ ಶಿಕ್ಷಕರ ಕೊಠಡಿಗೆ.